ಮುತ್ತಜ್ಜಿಯ ಕೌದಿಗೆ ತೇಪೆ ಹಾಕಬಹುದಾ?

ಪ್ರಶ್ನೆ: ಮುತ್ತಜ್ಜಿ ಹಳೆ ಬಟ್ಟೆಗಳನ್ನು ಪದರ ಪದರವಾಗಿ ಸೇರಿಸಿ ಹೊಲಿದ ಹೊದಿಕೆ, ಅಂದರೆ ಕೌದಿ, ಅಜ್ಜಿ, ಅವ್ವನ ಕೈ ದಾಟಿ ಈಗ ನನಗೆ ಬಂದಿದೆ. ಎರಡು ಕಡೆ ಪಿಸಿದು ಒಳಗಿನ ಪದರ ಕಾಣುತ್ತಿದೆ. ತೇಪೆ ಹಾಕಿದರೆ ಹಳೆಯದು ಕೆಡುತ್ತದೆ, ಕಟ್ಟು ಹಾಕಿಸಿ ಗೋಡೆಗೆ ಹಾಕು ಎನ್ನುತ್ತಾರೆ ಮನೆಯವರು. ಏನು ಮಾಡಲಿ? ಒಗೆಯುವುದು ಹೇಗೆ?
- ಓದುಗರು, ಗದಗ

ಉತ್ತರ: ಧಾರಾಳವಾಗಿ ತೇಪೆ ಹಾಕಿ ತಂಗಿ. ಗೋಡೆಗೆ ಬೇಡವೇ ಬೇಡ, ಅದು ಹೊದೆಯುವ ವಸ್ತು. ಮೇಲಿನ ಬಟ್ಟೆ ಸವೆದರೆ ಇನ್ನೊಂದು ಹಳೆ ಸೀರೆ ಹೊದಿಸಿ ಹೊಲಿಯುವುದು ನಮ್ಮ ಕಡೆಯ ಪದ್ಧತಿಯೇ ಅಲ್ವಾ? ನಮ್ಮ ಮನೆಯ ಕೌದಿಯಲ್ಲಿ ಅವ್ವನ ಹೂವಿನ ಸೀರೆ ಮೇಲಿದೆ. ಅದರಡಿ ಅಜ್ಜಿಯ ಗೋಮಿ ಎಂಬ ವಿನ್ಯಾಸದ ದಡಿಯ ಇಳಕಲ್ ಸೀರೆ, ಅದಕ್ಕೂ ಕೆಳಗೆ ಅಜ್ಜನ ಧೋತರ. ಒಂದು ಮೂಲೆಯಲ್ಲಿ ಗುಳೇದಗುಡ್ಡದ ಖಣದ ತುಂಡೂ ಇದೆ, ಯಾರ ಕುಪ್ಪಸದ್ದೋ. ಹೊಸ ಪದರ ಹಾಕಿದ್ದಕ್ಕೇ ಇವೆಲ್ಲ ಉಳಿದಿವೆ.

ಹರಿದ ಭಾಗವನ್ನು ಕತ್ತರಿಸಬೇಡಿ. ಮೆತ್ತಗಿನ ಹಳೆ ಹತ್ತಿ ಸೀರೆಯ ತುಂಡನ್ನು ಮೇಲಿಟ್ಟು, ಅಂಚು ಒಳಗೆ ಮಡಚಿ ಹೊಲಿಯಿರಿ. ಹೊಸ ಬಟ್ಟೆಯಾದರೆ ಮೊದಲು ಒಗೆಯಿರಿ, ಇಲ್ಲದಿದ್ದರೆ ಆಮೇಲೆ ಕುಗ್ಗಿ ಸುತ್ತಲಿನದನ್ನು ಎಳೆಯುತ್ತದೆ. ಶುರು ಮಾಡುವ ಮುಂಚೆ ಮುತ್ತಜ್ಜಿಯ ಹೊಲಿಗೆ ಯಾವ ದಿಕ್ಕಿಗೆ ಹೋಗಿದೆ ನೋಡಿ. ಹಳಿಯಾಳ, ಯಲ್ಲಾಪುರದ ಸಿದ್ದಿ ಸಮುದಾಯದ ಹೆಂಗಸರು ಕೌದಿ ಹೊಲಿಯುವಾಗ ಅಂಚಿನಿಂದ ಹಿಡಿದು ಸುತ್ತುತ್ತಾ ನಡುವಿಗೆ ಬರುತ್ತಾರೆ. ನಮ್ಮ ಮನೆಯದರಲ್ಲಿ ಉದ್ದುದ್ದ ಸಾಲು. ನಿಮ್ಮದರಲ್ಲಿ ಹೇಗಿದೆಯೋ ಅದೇ ಸಾಲು ಹಿಡಿದು ಹೋಗಿ. ಮುತ್ತಜ್ಜಿಯ ಹೊಲಿಗೆ ಎಲ್ಲಿ ದೂರ, ಎಲ್ಲಿ ಒತ್ತಾಗಿದೆ ಎಂದು ಬೆರಳಿಗೇ ತಿಳಿಯುತ್ತದೆ, ಅಷ್ಟು ಹತ್ತಿರದಿಂದ ಅವರ ಕೈಕೆಲಸ ನೋಡಲು ಬೇರೆ ದಾರಿಯಿಲ್ಲ.

ಒಗೆಯುವುದು ತೇಪೆ ಹಾಕಿದ ಮೇಲೆ. ಮಷೀನಿಗೆ ಹಾಕಬೇಡಿ, ಕಲ್ಲಿಗೂ ಬಡಿಯಬೇಡಿ. ಒದ್ದೆ ಬಿಳಿ ಬಟ್ಟೆಯಿಂದ ಒಂದೊಂದೇ ಬಣ್ಣವನ್ನು ಒತ್ತಿ ನೋಡಿ. ಬಿಳಿ ಬಟ್ಟೆಗೆ ಬಣ್ಣ ಹತ್ತಿತೋ, ನೀರಿಗೆ ಹಾಕದೆ ಸುಮ್ನೆ ಗಾಳಿಗೆ ಹಾಕಿ ಕೊಡವಿದರೆ ಸಾಕು. ಬಣ್ಣ ಬಿಡದಿದ್ದರೆ ತಣ್ಣೀರು, ಸ್ವಲ್ಪ ಅಂಟುವಾಳದ ನೊರೆ. ಹಿಂಡದೆ ಒತ್ತಿ ನೀರು ತೆಗೆಯಿರಿ. ಹಗ್ಗಕ್ಕೆ ಹಾಕಿದರೆ ನೀರಿನ ಭಾರಕ್ಕೇ ಹಳೆ ದಾರ ಹರಿಯುತ್ತದೆ, ನೆರಳಲ್ಲಿ ಮಂಚದ ಮೇಲೆ ಹರವಿ.

ಪ್ಲಾಸ್ಟಿಕ್ ಚೀಲದಲ್ಲಿ ಇಡಬೇಡಿ, ಮುಗ್ಗಲು ಹಿಡಿಯುತ್ತದೆ. ಹಳೆ ಪಂಚೆಯಲ್ಲಿ ಸುತ್ತಿಟ್ಟು, ಆಗಾಗ ಮಡಿಕೆ ಬದಲಿಸಿ. ಅವ್ವ ಇದ್ದರೆ ಪಕ್ಕದಲ್ಲಿ ಕೂರಿಸಿಕೊಂಡು, ಯಾವ ತುಂಡು ಯಾರ ಸೀರೆಯದು ಎಂದು ಕೇಳಿ ಬರೆದಿಡಿ. ಅದನ್ನು ಹೊಲಿಗೆಗಿಂತ ಮೊದಲು ಮಾಡಿ.