ಕಡ್ಡಿಹುಳದ ಲೇಖನ ಕಳಿಸಿದವರಿಗೆ

ನಮಸ್ಕಾರ.

ನಿಮ್ಮ ‘ಮಡಗಾಸ್ಕರಿನ ನೀಲಿ ಕಡ್ಡಿಹುಳ’ ಲೇಖನ ಕೈಸೇರಿ ಮೂರು ವಾರ ಆಯ್ತು. ಉತ್ತರ ತಡವಾಯಿತು ಅಂತ ಬೇಜಾರು ಮಾಡಿಕೊಳ್ಳಬೇಡಿ. ಹಾಸನದ ನಮ್ಮ ಪತ್ರಿಕೆಗೆ ಹುಳಹುಪ್ಪಟೆ ಬಗ್ಗೆ ಬರೆದು ಕಳಿಸುವವರೇ ಕಡಿಮೆ, ಹಾಗಾಗಿ ನಿಧಾನವಾಗಿ ಎರಡು ಸಲ ಓದಿದೆ. ನೇರವಾಗಿ ಹೇಳುತ್ತೇನೆ. ಈಗ ಇರುವ ಹಾಗೆ ಇದನ್ನು ಹಾಕಲು ಆಗುವುದಿಲ್ಲ. ವಾಪಸ್ ಕಳಿಸಿ ಸುಮ್ಮನಾಗಲು ಮನಸ್ಸೂ ಬರುತ್ತಿಲ್ಲ.

ಅದಕ್ಕೆ ಕಾರಣ ನಿಮ್ಮ ನಾಲ್ಕನೇ ಪುಟ. ಬಾಳೆಹೊನ್ನೂರಿನ ಹತ್ತಿರ ನಿಮ್ಮ ತೋಟ. ಅಜ್ಜಿ ಕಾಫಿ ಗಿಡದ ಚಿಗುರು ತೆಗೆಯುತ್ತಿದ್ದಾರೆ. ಒಣಕಡ್ಡಿ ಅಂತ ಕಿತ್ತು ಎಸೆಯಲು ಹೋದರೆ ಅದು ಬೆರಳನ್ನೇ ಹಿಡಿದುಕೊಂಡಿತು. ಮುಂಗಾಲು ಎರಡನ್ನೂ ಜೋಡಿಸಿ ಮುಂದಕ್ಕೆ ಚಾಚಿತು, ಎಲೆ ಅಲುಗದ ಹೊತ್ತಿನಲ್ಲಿ ಗಾಳಿಗೆ ತೂಗುವ ಹಾಗೆ ಅತ್ತಿತ್ತ ತೂಗಿತು. ಬಿಡಿಸಲು ಎಳೆದಾಗ ಹುಳ ಕೆಳಗೆ ಬಿತ್ತು, ಒಂದು ಕಾಲು ಮಾತ್ರ ಅಜ್ಜಿಯ ಬೆರಳ ಸಂದಿಯಲ್ಲಿ ಉಳಿಯಿತು. ‘ಅಯ್ಯೋ, ಕಡ್ಡಿ ಅಲ್ವೇ ಮಾರಾಯ್ತಿ, ಜೀವ!’ ಅಂದರಂತೆ. ಇದು ನೀವು ಕಣ್ಣಾರೆ ನೋಡಿದ್ದು. ಓದುವಾಗ ನನಗೂ ಆ ಕಾಲು ಕಂಡಿತು. ಇಂಥದ್ದನ್ನು ನಾಲ್ಕನೇ ಪುಟದವರೆಗೆ ಯಾಕೆ ಬಚ್ಚಿಟ್ಟಿರಿ? ಲೇಖನ ಇಲ್ಲಿಂದಲೇ ಶುರುವಾಗಬೇಕು. ಮೊದಲ ಎರಡು ಪುಟದ ‘ಪ್ರಕೃತಿ ಮಾತೆಯ ಮಡಿಲು’ ಪೂರ್ತಿ ಹೋಗಲಿ.

ಆದರೆ ಅಜ್ಜಿಯ ಮಾತು ಮುಗಿದ ಮರುಸಾಲಿನಲ್ಲೇ ‘ಇದರ ವೈಜ್ಞಾನಿಕ ಹೆಸರು ಕರೌಸಿಯಸ್ ಮೊರೋಸಸ್’ ಅಂತ ಬರೆದುಬಿಟ್ಟಿದ್ದೀರಿ. ಹೇಗೆ ಗೊತ್ತಾಯ್ತು? ಫೋನಿನಲ್ಲಿ ಹುಡುಕಿದೆ ಅಂತ ನೀವೇ ಪತ್ರದಲ್ಲಿ ಹೇಳಿದ್ದೀರಿ. ಆ ಹೆಸರಿನ ಹುಳ ತಮಿಳುನಾಡಿನ ಮೂಲದ್ದು. ಗಂಡಿಲ್ಲದೆಯೇ ಹೆಣ್ಣು ಮೊಟ್ಟೆಯಿಟ್ಟು ಮರಿ ಆಗುತ್ತದೆ, ಸಾಕುವುದು ಸುಲಭ. ಹಾಗಾಗಿ ಬೇರೆ ಬೇರೆ ದೇಶಗಳ ಪ್ರಯೋಗಾಲಯಗಳಲ್ಲಿ, ಶಾಲೆಗಳಲ್ಲಿ ಅದನ್ನು ಸಾಕುತ್ತಾರೆ. ಫೋಟೋ ಜಾಸ್ತಿ ಇರುವುದೂ ಅದರದ್ದೇ, ಫೋನು ಮೊದಲು ತೋರಿಸುವುದೂ ಅದನ್ನೇ. ದೊಡ್ಡದಾದ ಹೆಣ್ಣಿಗೆ ಮುಂಗಾಲಿನ ಬುಡದ ಒಳಮೈ ಕೆಂಪಗಿರುತ್ತದೆ. ನಿಮ್ಮ ಹುಳಕ್ಕೆ ಅದಿತ್ತಾ? ನೋಡಿಲ್ಲ ಅಂದರೆ ‘ಒಂದು ಕಡ್ಡಿಹುಳ’ ಅಂತ ಬರೆದರೆ ಸಾಕು. ಅದರಲ್ಲಿ ಯಾವ ಕೊರತೆಯೂ ಇಲ್ಲ.

ಈಗ ಮಡಗಾಸ್ಕರಿಗೆ ಬರೋಣ. ನನಗೆ ನಿಜವಾಗಿ ಬೇಸರವಾಗಿದ್ದು ಅಲ್ಲಿ. ‘2019ರಲ್ಲಿ ವಿಜ್ಞಾನಿಗಳು ದಟ್ಟ ಕಾಡಿನಲ್ಲಿ ಹೊಸ ಹುಳವೊಂದನ್ನು ಕಂಡುಹಿಡಿದರು’ ಅಂತ ಒಂದೇ ಸಾಲಿನಲ್ಲಿ ಮುಗಿಸಿದ್ದೀರಿ. ಆ ನೀಲಿ ಹುಳವನ್ನು ಜನ ಅದಕ್ಕೂ ಮುಂಚೆಯೇ ನೋಡಿದ್ದರು. ಯುರೋಪಿನಲ್ಲಿ ಹವ್ಯಾಸಿಗಳು ಪೆಟ್ಟಿಗೆಯಲ್ಲಿಟ್ಟು ಸಾಕುತ್ತಲೂ ಇದ್ದರು. ಅಕ್ರಿಯೋಪ್ಟೆರಾ ಫ್ಯಾಲಾಕ್ಸ್ ಅಂತ ಕರೆಯುತ್ತಿದ್ದರು. 1861ರಲ್ಲಿ ಫ್ರೆಂಚ್ ಕೀಟತಜ್ಞ ಕೊಕೆರೆಲ್ ಕೊಟ್ಟ ಹೆಸರು ಅದು. ಲ್ಯಾಟಿನ್ನಿನಲ್ಲಿ ಫ್ಯಾಲಾಕ್ಸ್ ಅಂದರೆ ಮೋಸಗೊಳಿಸುವಂಥದ್ದು. ಜರ್ಮನಿಯ ವಿಜ್ಞಾನಿ ಫ್ರಾಂಕ್ ಗ್ಲಾ ಮತ್ತು ಸಂಗಡಿಗರು ಮೈಕಟ್ಟು, ಬಣ್ಣ, ಡಿಎನ್‌ಎ ಮೂರನ್ನೂ ಒಟ್ಟಿಗೆ ಇಟ್ಟು ನೋಡಿದಾಗ, ದ್ವೀಪದ ಉತ್ತರ ತುದಿಯ ನೀಲಿ ಹುಳ ಫ್ಯಾಲಾಕ್ಸ್ ಅಲ್ಲವೇ ಅಲ್ಲ ಅಂತ ತಿಳಿಯಿತು. ಅದರ ಜೊತೆಗೆ, ಇನ್ನೊಂದು ಪ್ರಭೇದದ ಹೆಸರಿನಲ್ಲಿ ಸೇರಿಹೋಗಿದ್ದ ದೊಡ್ಡ ಹುಳವೂ ಬೇರೆಯದೇ ಅಂತಾಯಿತು. ಅದರ ಹೆಣ್ಣು 24 ಸೆಂಟಿಮೀಟರ್‌ವರೆಗೆ ಬೆಳೆಯುತ್ತದೆ. ಅಳತೆಪಟ್ಟಿ ಪಕ್ಕದಲ್ಲಿಟ್ಟುಕೊಂಡು ಊಹಿಸಿ ನೋಡಿ.

ಕಥೆ ಇರುವುದು ಇಲ್ಲಿ ಅಲ್ವಾ? ಕಣ್ಣೆದುರೇ ಇದ್ದ ಜೀವಕ್ಕೆ ಇಷ್ಟು ದಿನ ಬೇರೆಯವರ ಹೆಸರಿತ್ತು. ತಪ್ಪು ಅಂತ ಹೇಗೆ ತೀರ್ಮಾನಿಸುತ್ತಾರೆ ಅಂತ ಓದುಗರಿಗೆ ಬಿಡಿಸಿ ಹೇಳಿ. ಒಂದು ಪ್ರಭೇದಕ್ಕೆ ಹೆಸರಿಡುವಾಗ ಒಂದು ಹುಳವನ್ನು ಮಾದರಿ ಅಂತ ಆರಿಸುತ್ತಾರೆ. ಅದನ್ನು ಒಣಗಿಸಿ, ಸೂಜಿ ಚುಚ್ಚಿ, ಚೀಟಿ ಕಟ್ಟಿ ಮ್ಯೂಸಿಯಂನಲ್ಲಿ ಇಡುತ್ತಾರೆ. ಹೆಸರು ಸೇರುವುದು ಆ ಒಂದು ಹುಳಕ್ಕೆ. ಮುಂದೆ ಯಾರಿಗೇ ಅನುಮಾನ ಬಂದರೂ ಆ ಮಾದರಿಯ ಹತ್ತಿರವೇ ಹೋಗಿ ಹೋಲಿಸಬೇಕು. ಹೊಂದಲಿಲ್ಲ ಅಂದರೆ ಹಳೆಯ ಹೆಸರು ಹಳೆಯ ಮಾದರಿಯ ಜೊತೆಗೇ ಉಳಿಯುತ್ತದೆ. ಹೊಸ ಹೆಸರು ಈಚೆಯದಕ್ಕೆ. ಜಮೀನಿನ ತಕರಾರು ಬಂದಾಗ ಮೂಲ ಪತ್ರ ತೆಗೆಸಿ ನೋಡುತ್ತಾರಲ್ಲ, ಹಾಗೆ.

ನೀಲಿ ಹುಳದ ಹೊಸ ಹೆಸರು ಅಕ್ರಿಯೋಪ್ಟೆರಾ ಮಂಗ. ನೀವು ಇದನ್ನು ಹಾಗೇ ಬರೆದು ಮುಂದೆ ಹೋಗಿದ್ದೀರಿ. ನಮ್ಮ ಓದುಗರಿಗೆ ತಕ್ಷಣ ನೆನಪಾಗುವುದು ಕೋತಿ! ಮಡಗಾಸ್ಕರಿನ ಮಲಗಾಸಿ ಭಾಷೆಯಲ್ಲಿ ಮಂಗ ಅಂದರೆ ನೀಲಿ ಅಂತ ಅಲ್ಲೇ ಹೇಳಿಬಿಡಿ. ಆ ದೊಡ್ಡ ಹುಳದ ಹೆಸರು ಮರೋಲೋಕೋ, ಅಂದರೆ ಬಹುಬಣ್ಣದ್ದು. ಹುಳ ಹುಟ್ಟಿದ ನೆಲದ ಮಾತಿನಲ್ಲೇ ಹೆಸರಿಟ್ಟರು ಎನ್ನುವುದು ನನಗೆ ಬಹಳ ಇಷ್ಟವಾಯಿತು. ನಿಮಗೂ ಇಷ್ಟವಾಗಿದ್ದರೆ ಅದನ್ನು ಬರೆಯಿರಿ. ನೀಲಿ ಬಣ್ಣ ಗಂಡಿಗೆ ಮಾತ್ರ, ಅದೂ ಪ್ರಾಯಕ್ಕೆ ಬಂದ ಮೇಲೆ. ಹೆಣ್ಣು ಕಂದು, ಮರಕ್ಕೆ ಅಂಟಿದರೆ ಕಾಣುವುದೇ ಕಷ್ಟ. ನಿಮ್ಮ ಲೇಖನದಲ್ಲಿ ಹೆಣ್ಣಿನ ಸುದ್ದಿಯೇ ಇಲ್ಲ.

ಗಂಡು ಹೆಣ್ಣು ಇಷ್ಟು ಬೇರೆ ಕಂಡರೆ ಎಂಥ ಎಡವಟ್ಟಾಗುತ್ತದೆ ಅನ್ನುವುದಕ್ಕೆ ನ್ಯೂಗಿನಿ ದ್ವೀಪದ ಎಲೆಹುಳ ನೋಡಿ. ಇದು ಕಡ್ಡಿಹುಳದ ಹತ್ತಿರದ ನೆಂಟ. 1906ರಲ್ಲಿ ಸಣ್ಣ ಗಂಡು ಹುಳಕ್ಕೆ ನ್ಯಾನೋಫಿಲಿಯಮ್ ಅಂತ ಒಂದು ಕುಲವನ್ನೇ, ಅಂದರೆ ಹತ್ತಿರದ ಪ್ರಭೇದಗಳನ್ನು ಸೇರಿಸುವ ಗುಂಪನ್ನೇ, ಮಾಡಿದರು. ಅದರ ಹೆಣ್ಣು ಯಾರ ಕಣ್ಣಿಗೂ ಬೀಳಲಿಲ್ಲ. ಅಗಲ ಮೈಯ ಹೆಣ್ಣು ಹುಳಗಳು ಫಿಲಿಯಮ್ ಅನ್ನುವ ಬೇರೆ ಕುಲದಲ್ಲಿದ್ದವು. ಅವುಗಳ ಗಂಡೂ ಸಿಕ್ಕಿರಲಿಲ್ಲ. ಕೊನೆಗೆ ಕೆನಡಾದ ಮಾಂಟ್ರಿಯಲ್ ಕೀಟಾಲಯಕ್ಕೆ ಮೊಟ್ಟೆ ತರಿಸಿ ಮರಿ ಮಾಡಿಸಿದರು. ಒಂದೇ ತಾಯಿಯ ಮೊಟ್ಟೆಗಳಿಂದ ಎರಡೂ ಥರದ ಹುಳ ಬಂದವು. 2020ರಲ್ಲಿ ಹೆಣ್ಣುಗಳನ್ನು ಗಂಡಿನ ಕುಲಕ್ಕೆ ಸೇರಿಸಿದರು. ನೂರು ವರ್ಷಕ್ಕೂ ಜಾಸ್ತಿ ಗಂಡ ಹೆಂಡತಿ ಬೇರೆ ಬೇರೆ ಮನೆ ವಿಳಾಸದಲ್ಲಿದ್ದ ಹಾಗೆ! ಇದಕ್ಕೆ ಒಂದು ಪ್ಯಾರಾ ಕೊಟ್ಟರೆ ನಿಮ್ಮ ಲೇಖನಕ್ಕೆ ಬಲ ಬರುತ್ತದೆ.

ಪದಗಳ ವಿಷಯಕ್ಕೆ ಬಂದರೆ, ಒಂದೇ ಅರ್ಥಕ್ಕೆ ಜಾತಿ, ತಳಿ, ಪ್ರಭೇದ ಮೂರನ್ನೂ ಬಳಸಿದ್ದೀರಿ. ಕಾಫಿ ಬೆಳೆಯುವ ಮನೆಯವರು ನೀವು, ಇದು ನಿಮಗೇ ಚೆನ್ನಾಗಿ ಗೊತ್ತು. ಅರೇಬಿಕಾ ಒಂದು ಪ್ರಭೇದ, ರೋಬಸ್ಟಾ ಇನ್ನೊಂದು. ಎರಡೂ ಕಾಫಿಯಾ ಅನ್ನುವ ಒಂದೇ ಕುಲದವು. 795, ಕಾವೇರಿ, ಚಂದ್ರಗಿರಿ ಇವೆಲ್ಲ ಅರೇಬಿಕಾದ ತಳಿಗಳು. ನಿಮ್ಮೂರಿನ ಕಾಫಿ ಸಂಶೋಧನಾ ಕೇಂದ್ರದ ಗೇಟಿನ ಮುಂದೆ ದಿನಾ ಓಡಾಡುವವರು ನೀಲಿ ಹುಳವನ್ನು ‘ಹೊಸ ತಳಿ’ ಅಂದರೆ ಹೇಗೆ? ಈ ಕಾಫಿಯ ಹೋಲಿಕೆಯನ್ನೇ ಲೇಖನಕ್ಕೆ ಹಾಕಿಕೊಳ್ಳಿ, ಮಲೆನಾಡಿನ ಓದುಗರಿಗೆ ಒಂದೇ ಏಟಿಗೆ ಅರ್ಥವಾಗುತ್ತದೆ. ‘ವಿಸ್ಮಯಕಾರಿ’ ಹನ್ನೊಂದು ಸಲ ಬಂದಿದೆ, ಎಲ್ಲ ತೆಗೆಯಿರಿ.

ಮಳೆ ನಿಂತ ಮೇಲೆ ಒಂದು ರಾತ್ರಿ ಟಾರ್ಚ್ ಹಿಡಿದು ಅಜ್ಜಿಯ ಜೊತೆ ಅದೇ ಗಿಡದ ಹತ್ತಿರ ಹೋಗಿ ಬನ್ನಿ. ಹುಳ ಸಿಕ್ಕರೆ ಉದ್ದ ಅಳೆಯಿರಿ, ಮುಂಗಾಲಿನ ಬುಡ ನೋಡಿ, ಯಾವ ಎಲೆ ತಿನ್ನುತ್ತಿತ್ತು ಅಂತ ಬರೆದುಕೊಳ್ಳಿ. ಐದೇ ಕಾಲಿನ ಹುಳ ಕಂಡರಂತೂ ಬಿಡಬೇಡಿ. ಅದು ಇನ್ನೂ ಮರಿಯಾಗಿದ್ದರೆ ಪೊರೆ ಬಿಟ್ಟಾಗ ಕಳೆದುಹೋದ ಕಾಲು ಸಣ್ಣದಾಗಿ ಮತ್ತೆ ಬರುತ್ತದೆ. ಅಜ್ಜಿಗೆ ಇದನ್ನು ಹೇಳಿ. ತಿದ್ದಿದ ಲೇಖನ ಮುಂದಿನ ತಿಂಗಳ 20ರ ಒಳಗೆ ಬಂದರೆ ದೀಪಾವಳಿ ಸಂಚಿಕೆಯಲ್ಲಿ ನಾಲ್ಕು ಪುಟ ತೆಗೆದಿಟ್ಟಿರುತ್ತೇನೆ.

ಇಂತಿ,
ಸಂಪಾದಕ