16 ಜನ, ಎರಡು ಮೆನು, ಪಿ = 0.08: ಫಲಿತಾಂಶ ಹೇಗೆ ಬರೆಯಲಿ?

ನಿಮ್ಮ ಪ್ರಶ್ನೆ ಇಷ್ಟು: ಪ್ರಬಂಧಕ್ಕಾಗಿ ಪರದೆಯ ಮೇಲಿನ ಹಳೆಯ ಮೆನು, ಹೊಸ ಮೆನು ಎರಡನ್ನೂ ಅದೇ 16 ಜನರಿಂದ ಬಳಸಿಸಿ ಸಮಯ ಅಳೆದಿದ್ದೀರಿ, ಕೊನೆಗೆ ಎಸ್‌ಯುಎಸ್ (ಬಳಸಲು ಎಷ್ಟು ಸುಲಭ ಎಂದು ಕೇಳುವ) ಪ್ರಶ್ನಾವಳಿ ತುಂಬಿಸಿದ್ದೀರಿ. ಪಿ ಮೌಲ್ಯ (ನಿಜವಾಗಿ ವ್ಯತ್ಯಾಸವೇ ಇಲ್ಲದಿದ್ದರೂ ಇಷ್ಟು ಅಥವಾ ಇದಕ್ಕಿಂತ ದೊಡ್ಡ ಅಂತರ ಆಕಸ್ಮಿಕವಾಗಿ ಕಾಣುವ ಸಂಭವ) 0.08 ಬಂತು. "ವ್ಯತ್ಯಾಸವಿಲ್ಲ" ಎಂದು ಬರೆದು ಅಧ್ಯಾಯ ಮುಗಿಸಲೇ?

ಬೇಡ. ವ್ಯತ್ಯಾಸವಿಲ್ಲ ಎಂದು ಈ ಪ್ರಯೋಗ ತೋರಿಸಿಲ್ಲ. ಇದೆ ಎನ್ನಲು ಸಾಕಷ್ಟು ಆಧಾರ ಸಿಕ್ಕಿಲ್ಲ, ಅಷ್ಟೇ. ಹಾಗಂತ "ಇನ್ನೇನು ರೂಢಿಯ ಗಡಿ 0.05 ಮುಟ್ಟುವಂತಿತ್ತು" ಅಂತ ತೇಪೆ ಹಾಕಬೇಡಿ. ಇಂಥ ಪ್ರಬಂಧಗಳನ್ನು ಓದುವ ಕೆಲಸ ನನ್ನದೂ ಹೌದು, ಆ ಸಾಲು ಕಂಡರೆ ತಲೆನೋವು ಬರುತ್ತದೆ.

ವ್ಯತ್ಯಾಸ ಎಷ್ಟು ಅನ್ನುವುದನ್ನು ಮೊದಲು ಹೇಳಿ, ಅದೂ ಸೆಕೆಂಡಿನಲ್ಲಿ. ಉದಾಹರಣೆಗೆ: "ಹೊಸ ಮೆನುವಿನಲ್ಲಿ ಒಂದು ಕೆಲಸಕ್ಕೆ ಸರಾಸರಿ 1.4 ಸೆಕೆಂಡು ಕಡಿಮೆ ಹಿಡಿಯಿತು. 95% ಕಾನ್ಫಿಡೆನ್ಸ್ ಇಂಟರ್ವಲ್ −0.2ರಿಂದ 3.0; ಟಿ(15) = 1.86, ಪಿ = 0.08." ಇಂಟರ್ವಲ್ ಅಂದರೆ ನಿಜವಾದ ವ್ಯತ್ಯಾಸ ಇರಬಹುದಾದ ವ್ಯಾಪ್ತಿ; ಟಿ ಅಂದರೆ ವ್ಯತ್ಯಾಸ ತನ್ನ ಅನಿಶ್ಚಿತತೆಯ ಎಷ್ಟು ಪಟ್ಟು ಎಂಬ ಅಂಕಿ, 15 ಅಂದರೆ 16ಕ್ಕೆ ಒಂದು ಕಡಿಮೆ. ಈಗ ಓದುವವರಿಗೆ ಲೆಕ್ಕ ಸಿಕ್ಕಿತು: ಲಾಭ 3 ಸೆಕೆಂಡಿನವರೆಗೂ ಇರಬಹುದು, ಚೂರು ನಷ್ಟವೂ ಆಗಬಹುದು. ಬರೀ ಪಿ ಕೊಟ್ಟಿದ್ದರೆ ಇದ್ಯಾವುದೂ ತಿಳಿಯುತ್ತಿರಲಿಲ್ಲ.

ಹೆಚ್ಚು ಜನ ಎಡವುವುದು ಚಿತ್ರದಲ್ಲಿ. ಎರಡು ಕಂಬ, ಮೇಲೊಂದೊಂದು ಎರರ್ ಬಾರ್ (ಏರಿಳಿತ ತೋರಿಸುವ ಕಡ್ಡಿ). ಅದು ಮಾನಕ ವಿಚಲನೆಯೋ (ಅಳತೆಗಳು ಎಷ್ಟು ಹರಡಿವೆ), ಸ್ಟ್ಯಾಂಡರ್ಡ್ ಎರರೋ (ಸರಾಸರಿ ಎಷ್ಟು ಅನಿಶ್ಚಿತ), ಇಂಟರ್ವಲ್ಲೋ ಅನ್ನುವುದನ್ನು ಎಷ್ಟೋ ಜನ ಬರೆಯುವುದೇ ಇಲ್ಲ. ಬರೆದರೂ ನಿಮ್ಮ ಪ್ರಯೋಗಕ್ಕೆ ಆ ಚಿತ್ರ ಹೊಂದುವುದಿಲ್ಲ. ನಿಧಾನದವರು ಎರಡರಲ್ಲೂ ನಿಧಾನ, ಚುರುಕಿನವರು ಎರಡರಲ್ಲೂ ಚುರುಕು. ಕಂಬದ ಮೇಲಿನ ಬಾರ್ ಆ ಜನರ ನಡುವಿನ ಅಂತರವನ್ನು ತೋರಿಸುತ್ತದೆ. ನೀವು ಮಾಡಿದ ಜೋಡಿ ಟಿ ಪರೀಕ್ಷೆ ನೋಡುವುದು ಒಬ್ಬೊಬ್ಬರ ಒಳಗಿನ ವ್ಯತ್ಯಾಸವನ್ನು. ಹಾಗಾಗಿ ಬಾರ್‌ಗಳು ಒಂದರ ಮೇಲೊಂದು ಬಂದರೂ ವ್ಯತ್ಯಾಸ ನಿಜವಿರಬಹುದು.

ಬದಲಿಗೆ ಪ್ರತಿಯೊಬ್ಬರಿಗೂ ಒಂದು ಗೆರೆ ಎಳೆಯಿರಿ: ಎಡಕ್ಕೆ ಹಳೆಯ ಮೆನುವಿನ ಸಮಯ, ಬಲಕ್ಕೆ ಹೊಸದರದು. 16 ಗೆರೆಗಳು ಒಂದೇ ಚಿತ್ರದಲ್ಲಿ ಆರಾಮಾಗಿ ಹಿಡಿಸುತ್ತವೆ. ಪಕ್ಕದಲ್ಲಿ ಸರಾಸರಿ ವ್ಯತ್ಯಾಸ, ಅದರ ಇಂಟರ್ವಲ್. 12 ಗೆರೆ ಕೆಳಗಿಳಿದು 4 ಮೇಲೇರಿದ್ದರೆ ಆ ನಾಲ್ವರು ಯಾರೆಂದು ನೋಡಿ. ನಾಲ್ವರೂ ಹೊಸ ಮೆನುವನ್ನೇ ಮೊದಲು ಬಳಸಿದವರಾದರೆ, ಎರಡನೆಯ ಸರದಿಗೆ ಕೈ ಪಳಗಿದ್ದೇ ಕಾರಣವಿರಬಹುದು. ಅದಕ್ಕೇ ಎಷ್ಟು ಜನರಿಗೆ ಯಾವ ಮೆನು ಮೊದಲು ಬಂತು ಎನ್ನುವುದು ಬರಹದಲ್ಲಿ ಇರಲೇಬೇಕು.

ಸಮಯದ ದತ್ತಾಂಶಕ್ಕೆ ಸಾಮಾನ್ಯವಾಗಿ ಬಲಕ್ಕೆ ಉದ್ದ ಬಾಲವಿರುತ್ತದೆ. ಒಬ್ಬರು ದಾರಿ ತಪ್ಪಿ ಒಂದು ನಿಮಿಷ ತೆಗೆದುಕೊಂಡರೆ ಸರಾಸರಿ ಅತ್ತ ಜಗ್ಗುತ್ತದೆ. ಆದ್ದರಿಂದ ದೊಡ್ಡ ಸಂಖ್ಯೆಗಳನ್ನು ಒತ್ತಿ ಹತ್ತಿರ ತರುವ ಲಾಗ್ (ಲಾಗರಿದಮ್) ತೆಗೆದು ವಿಶ್ಲೇಷಿಸುವ ರೂಢಿಯಿದೆ. ವಾಪಸ್ ಪರಿವರ್ತಿಸಿದಾಗ ಉತ್ತರ "ಹಳೆಯದರ ಇಷ್ಟು ಪಟ್ಟು" ಎಂಬ ಅನುಪಾತವಾಗಿ ಬರುತ್ತದೆ. ಆದರೆ 0.08 ನೋಡಿದ ಮೇಲೆ ಲಾಗ್ ಹಿಡಿದರೆ, ಎರಡೂ ಲೆಕ್ಕಗಳನ್ನು ತೋರಿಸಿ, ಯಾವುದನ್ನು ಆಮೇಲೆ ಮಾಡಿದಿರಿ ಎಂದೂ ಬರೆಯಿರಿ.

ಕೆಲಸ ಮುಗಿಸಲಾಗದವರನ್ನು ಸದ್ದಿಲ್ಲದೆ ಕೈಬಿಟ್ಟಿದ್ದೀರಾ? ಹಾಗೆ ಮಾಡಿದರೆ ಕೆಟ್ಟ ಮೆನುವೇ ವೇಗದ್ದಾಗಿ ಕಾಣಬಹುದು, ಏಕೆಂದರೆ ಪರದಾಡಿದವರ ಸಮಯ ಲೆಕ್ಕಕ್ಕೇ ಬರುವುದಿಲ್ಲ. ಬಳಕೆಯ ಸುಲಭತೆ ಕುರಿತ ಅಂತರರಾಷ್ಟ್ರೀಯ ಮಾನದಂಡ ಐಎಸ್ಒ 9241-11 ಪರಿಣಾಮಕಾರಿತ್ವ (ಕೆಲಸ ಮುಗಿಯಿತೇ), ದಕ್ಷತೆ (ಎಷ್ಟು ಸಮಯ ಹಿಡಿಯಿತು), ತೃಪ್ತಿ ಎಂದು ಮೂರನ್ನು ಬೇರೆಬೇರೆ ಹೆಸರಿಸುತ್ತದೆ. ಎಷ್ಟು ಜನ ಮುಗಿಸಿದರು ಎಂಬುದನ್ನು ಸಮಯದ ಪಕ್ಕದಲ್ಲೇ ಇಡಿ.

ಎಸ್‌ಯುಎಸ್ ಬಗ್ಗೆ ಹೆಚ್ಚೇನಿಲ್ಲ. ಜಾನ್ ಬ್ರೂಕ್ 1986ರಲ್ಲಿ ರೂಪಿಸಿದ 10 ಹೇಳಿಕೆಗಳ ಅಳತೆ, ಅಂಕ 0ರಿಂದ 100. ಅದು ಶೇಕಡಾವಾರು ಅಲ್ಲ. 70 ಬಂದರೆ "ಶೇ 70 ಜನರಿಗೆ ಇಷ್ಟವಾಯಿತು" ಎಂದು ಬರೆಯಬೇಡಿ.

ಹೊಸ ಮೆನು ಯಾಕೆ ವೇಗ ಎಂಬ ನಿಮ್ಮ ಊಹೆ ಚರ್ಚೆಯ ಅಧ್ಯಾಯಕ್ಕೆ ಹೋಗಲಿ. ಇನ್ನು ದಶಮಾಂಶ: 16 ಜನರ ಸರಾಸರಿಯನ್ನು 4.3827 ಸೆಕೆಂಡು ಎಂದು ಕೊಟ್ಟರೆ ನಗು ಬರುತ್ತದೆ, 4.4 ಸಾಕು. ತಂತ್ರಾಂಶ ಎಲ್ಲಾದರೂ ಪಿ = 0.000 ಎಂದು ತೋರಿಸಿದರೆ "0.001ಕ್ಕಿಂತ ಕಡಿಮೆ" ಎಂದು ಬರೆಯಿರಿ.