ಸುಂಕ ಎತ್ತಿದ ಮೇಲೆ ದೂರನ್ನೂ ಎತ್ತಿಕೊಳ್ಳಬೇಕು

ಓದುಗರ ಪತ್ರ: ಕಳೆದ ಸಂಚಿಕೆಯಲ್ಲಿ ಸಿಲ್ಕ್ ರೋಡ್ ಎಂಬ ಆನ್‌ಲೈನ್ ಕಳ್ಳಸಂತೆಯ ಬಗ್ಗೆ ಬಂದ ಬರಹ ಓದಿದೆ. ಅದು ಒಂದೇ ಕಡೆ ವಾಲಿದೆ. ಅಮೆರಿಕದ ರಾಸ್ ಉಲ್‌ಬ್ರಿಕ್ಟ್ ಯಾರಿಗೂ ಬಲವಂತವಾಗಿ ಡ್ರಗ್ಸ್ ತಿನ್ನಿಸಲಿಲ್ಲ. ವೇದಿಕೆ ಕೊಟ್ಟ, ಅಷ್ಟೇ. ಅದಕ್ಕೆ ಎರಡು ಜೀವಾವಧಿಯೇ? ಕೊಲೆಗೆ ಸುಪಾರಿ ಕೊಟ್ಟ ಅಂತ ಬರೆದಿದ್ದೀರಿ. ಯಾರಾದರೂ ಸತ್ತರಾ? 2025ರಲ್ಲಿ ಅವನಿಗೆ ಕ್ಷಮಾದಾನ ಸಿಕ್ಕಿದ್ದೇ ನ್ಯಾಯ. ಅವನ ಜಾಗದಲ್ಲಿ ನಿಮ್ಮ ಮಗ ಇದ್ದಿದ್ದರೆ ಹೀಗೇ ಬರೆಯುತ್ತಿದ್ದಿರಾ? – ಹೆಸರು ಬೇಡ ಎಂದಿರುವ ಇಂಜಿನಿಯರಿಂಗ್ ವಿದ್ಯಾರ್ಥಿ, ದಾವಣಗೆರೆ

ಪ್ರಿಯ ಓದುಗರೇ,

ನಿಮ್ಮ ಪತ್ರ ನಾಲ್ಕು ಪುಟ ಇದೆ. ಮೇಲೆ ಕೊಟ್ಟಿರುವುದು ಅದರ ಸಾರ ಮಾತ್ರ. ಇಪ್ಪತ್ತರ ವಯಸ್ಸಿನಲ್ಲಿ ಪೆನ್ನು ಹಿಡಿದು ಇಷ್ಟು ಉದ್ದ ಬರೆಯುವವರು ಈಗ ಎಲ್ಲಿ ಸಿಗುತ್ತಾರೆ? ಬರವಣಿಗೆ ಅಚ್ಚುಕಟ್ಟಾಗಿದೆ. ಓದಿ ಖುಷಿಯಾಯಿತು. ಒಪ್ಪಲಿಕ್ಕೆ ಮಾತ್ರ ಆಗಲಿಲ್ಲ.

ಮೊದಲು ನಿಮ್ಮ ಕಡೆಯ ಮಾತು ಹೇಳಿಬಿಡುತ್ತೇನೆ. ಶಿಕ್ಷೆ ಜಾಸ್ತಿಯಾಯಿತು ಎಂದರೆ ನಾನು ವಾದಿಸುವುದಿಲ್ಲ. 2015ರ ಮೇ 29ರಂದು ನ್ಯೂಯಾರ್ಕಿನಲ್ಲಿ ನ್ಯಾಯಾಧೀಶೆ ಕ್ಯಾಥರೀನ್ ಫಾರೆಸ್ಟ್ ಶಿಕ್ಷೆ ಹೇಳಿದಾಗ ಅವನಿಗೆ 31 ವರ್ಷ. ಎರಡು ಜೀವಾವಧಿ, ಮೇಲೆ 40 ವರ್ಷ, ಪೆರೋಲ್ ಇಲ್ಲ. ಅದಕ್ಕೆ ಮುಂಚೆ ಅವನು ಅವರಿಗೆ ಒಂದು ಪತ್ರ ಬರೆದಿದ್ದ. ನನ್ನ ಯೌವನ ಆಯಿತು, ನಡುವಯಸ್ಸನ್ನು ನೀವು ಕಿತ್ತುಕೊಳ್ಳಲೇಬೇಕು ಅಂತಲೂ ಗೊತ್ತು, ಮುಪ್ಪನ್ನಾದರೂ ನನಗೆ ಬಿಡಿ ಎಂದು ಕೇಳಿಕೊಂಡಿದ್ದ. ಓದಿದರೆ ಕರುಳು ಚುರ್ ಎನ್ನುತ್ತದೆ. ತನಿಖೆ ಮಾಡಿದವರಲ್ಲೂ ಕಳ್ಳರಿದ್ದರು. ಡ್ರಗ್ಸ್ ತಡೆಯುವ ಡಿಇಎ ಸಂಸ್ಥೆಯ ಕಾರ್ಲ್ ಫೋರ್ಸ್, ಸೀಕ್ರೆಟ್ ಸರ್ವಿಸ್‌ನ ಶಾನ್ ಬ್ರಿಡ್ಜಸ್ ಇಬ್ಬರೂ ಇದೇ ಕೇಸಿನಲ್ಲಿ ಬಿಟ್‌ಕಾಯಿನ್ ಲಪಟಾಯಿಸಿ ಜೈಲಿಗೆ ಹೋದರು. ಸುಪಾರಿಯ ಆರೋಪದ ಮೇಲೆ ಜ್ಯೂರಿಯಿಂದ ಪ್ರತ್ಯೇಕ ತೀರ್ಪು ಬರಲಿಲ್ಲ, ಮೇರಿಲ್ಯಾಂಡಿನಲ್ಲಿ ಹಾಕಿದ್ದ ಆ ಕೇಸನ್ನು 2018ರಲ್ಲಿ ಕೈಬಿಟ್ಟರು, ಇದೂ ನಿಜ. ಅವನ ಕಡೆಯವರು ಆ ಆರೋಪವನ್ನು ಇವತ್ತಿಗೂ ಒಪ್ಪುವುದಿಲ್ಲ. ಆದರೆ ಶಿಕ್ಷೆ ತೂಗುವಾಗ ನ್ಯಾಯಾಧೀಶೆ ಆ ಸಾಕ್ಷ್ಯವನ್ನು ನಂಬಿದರು. 2017ರಲ್ಲಿ ಮೇಲಿನ ಕೋರ್ಟು ಶಿಕ್ಷೆಯನ್ನು ಎತ್ತಿಹಿಡಿಯಿತು.

ಇಷ್ಟಾದ ಮೇಲೂ ನಿಮ್ಮ ಪತ್ರದ ಎರಡು ಮಾತು ನನ್ನನ್ನು ನಿದ್ದೆ ಮಾಡಲು ಬಿಡಲಿಲ್ಲ. ಒಂದು, 'ವೇದಿಕೆ ಕೊಟ್ಟ, ಅಷ್ಟೇ'. ಇನ್ನೊಂದು, 'ಯಾರಾದರೂ ಸತ್ತರಾ?'

ನನ್ನ ಸೋದರಮಾವ ಬಹಳ ವರ್ಷ ನಮ್ಮೂರ ಮಂಗಳವಾರದ ಸಂತೆಯ ಸುಂಕದ ಹರಾಜು ಹಿಡಿಯುತ್ತಿದ್ದರು. ಬೆಳಗಿನ ಜಾವಕ್ಕೇ ಹೆಗಲಿಗೆ ಚರ್ಮದ ಚೀಲ, ಕೈಯಲ್ಲಿ ಗುಲಾಬಿ ಬಣ್ಣದ ಚೀಟಿ ಪುಸ್ತಕ. ಒಂದು ಮಂಕರಿಗೆ ಇಷ್ಟು, ಒಂದು ಗಾಡಿಗೆ ಇಷ್ಟು, ಒಂದು ಕುರಿಗೆ ಇಷ್ಟು. ಒಂದು ವರ್ಷ ಯಾರೋ ಪರಸ್ಥಳದವನು ಹಳೇ ಅವರೆಗೆ ಎಣ್ಣೆ ಸವರಿ ಹೊಳಪು ಬರಿಸಿ, ಬಿತ್ತನೆ ಬೀಜ ಅಂತ ಮಾರಿ ಹೋದ. ಮೊಳಕೆ ಬರಲಿಲ್ಲ. ಮೂರು ವಾರ ಬಿಟ್ಟು ಒಬ್ಬ ರೈತ ಬಂದು ಮಾವನ ಎದುರು ನಿಂತ. "ಅವನನ್ನ ನಾನು ಎಲ್ಲಿ ಹುಡುಕ್ಲಿ ಸ್ವಾಮಿ? ಅವನತ್ರ ಕಾಸು ಇಸ್ಕೊಂಡು ಜಾಗ ಕೊಟ್ಟೋರು ನೀವು" ಎಂದ. ಮಾವ ಬೈಯಲಿಲ್ಲ. ಚೀಲಕ್ಕೆ ಕೈ ಹಾಕಿ ದುಡ್ಡು ಎಣಿಸಿ ಕೊಟ್ಟರು. ರಾತ್ರಿ ಅತ್ತೆ ಕೇಳಿದ್ದಕ್ಕೆ "ಸುಂಕ ಎತ್ತಿದ ಮೇಲೆ ದೂರನ್ನೂ ಎತ್ಕೋಬೇಕು ಕಣೇ" ಅಂದರು. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡಂತೆ ಎನ್ನುವ ಗಾದೆ ಎಲ್ಲರಿಗೂ ಗೊತ್ತು. ದುಃಖ ಕೇಳಿಸಿಕೊಂಡ ಒಬ್ಬ ಸುಂಕದವರನ್ನು ನಾನು ಮನೆಯಲ್ಲೇ ನೋಡಿದೆ. ಅವರು ಹೋಗಿ ಮೂವತ್ತು ವರ್ಷ ಆಯಿತು. ಆ ಮಾತು ಮಾತ್ರ ನನ್ನನ್ನು ಬಿಟ್ಟಿಲ್ಲ.

ಈಗ ಸಿಲ್ಕ್ ರೋಡ್ ನೋಡಿ. 2011ರ ಶುರುವಿನಲ್ಲಿ ತೆರೆದ ಸಂತೆ ಅದು. ಬಳಸುವವರ ಗುರುತು ಮರೆಸುವ ಟಾರ್ ಎಂಬ ಇಂಟರ್ನೆಟ್ ಮುಸುಕಿನ ಹಿಂದೆ ನಡೆಯುತ್ತಿತ್ತು. ದುಡ್ಡೆಲ್ಲ ಬಿಟ್‌ಕಾಯಿನ್. ಮೊದಲ ಸರಕು ಉಲ್‌ಬ್ರಿಕ್ಟ್ ತಾನೇ ಬೆಳೆದ ಅಮಲಿನ ಅಣಬೆ. ಆಮೇಲೆ ಹೆರಾಯಿನ್, ಕೊಕೇನ್, ಎಲ್‌ಎಸ್‌ಡಿ ಎಲ್ಲಾ ಬಂದವು. ಸರಕು ಮಾಮೂಲಿ ಅಂಚೆಯಲ್ಲೇ ಮನೆ ಬಾಗಿಲಿಗೆ ಹೋಗುತ್ತಿತ್ತು. (ಈ ಚಾಳಿ ದೂರದ್ದು ಅಂದುಕೊಳ್ಳಬೇಡಿ. ಡಾರ್ಕ್‌ವೆಬ್‌ನಲ್ಲಿ ತರಿಸಿದ ಇಂಥ ಪೊಟ್ಟಣಗಳು ಬೆಂಗಳೂರಿನಲ್ಲೂ ಸಿಕ್ಕಿಬಿದ್ದಿವೆ.) ಸರಕು ಕೈಸೇರುವ ತನಕ ಕೊಂಡವನ ದುಡ್ಡು ಸೈಟಿನ ಹತ್ತಿರವೇ ಇರುತ್ತಿತ್ತು. ಮಾರಿದವನಿಗೆ ಕೊಡುವ ಮುಂಚೆ ಸೈಟು ತನ್ನ ಪಾಲು ಹಿಡಿದುಕೊಳ್ಳುತ್ತಿತ್ತು. ಎಫ್‌ಬಿಐ ದೂರಿನ ಪ್ರಕಾರ ಅದು ಶೇ 8ರಿಂದ 15. ಜಗಳ ಬಂದರೆ ಪಂಚಾಯ್ತಿ ಮಾಡಲು ಸಂಬಳದ ಜನ ಇದ್ದರು. ಮಾರಬಾರದ್ದಕ್ಕೆ ನಿಯಮವೂ ಇತ್ತು: ಕದ್ದ ಕ್ರೆಡಿಟ್ ಕಾರ್ಡ್ ಬೇಡ, ಮಕ್ಕಳ ಅಶ್ಲೀಲ ಚಿತ್ರ ಬೇಡ, ಸುಪಾರಿ ಬೇಡ. ಅಂದರೆ ಕಣ್ಣಿಟ್ಟು ಕಾಯುವ ಯಜಮಾನ ಇದ್ದ. ಬೇಡ ಅನ್ನುವ ಶಕ್ತಿ ಅವನಿಗಿತ್ತು. ಹೆರಾಯಿನ್‌ಗೆ ಬೇಡ ಅನ್ನಲಿಲ್ಲ. ಇದನ್ನು ಬರೀ ವೇದಿಕೆ ಅಂತ ಹೇಗೆ ಕರೆಯುತ್ತೀರಿ?

ಇನ್ನು ಸುಪಾರಿಯ ವಿಷಯ. ತನ್ನ ಸಂತೆಯಲ್ಲಿ ಬೇಡ ಅಂದದ್ದನ್ನು ಯಜಮಾನ ತಾನೇ ಕೊಂಡ ಎನ್ನುತ್ತವೆ ದಾಖಲೆಗಳು. 2013ರ ಜನವರಿಯಲ್ಲಿ ಸೈಟಿನ ಒಬ್ಬ ನೌಕರ ಪೊಲೀಸರ ಕೈಗೆ ಸಿಕ್ಕ. ಅದೇ ಹೊತ್ತಿಗೆ ಸೈಟಿನಿಂದ ಬಿಟ್‌ಕಾಯಿನ್ ಕಳುವಾಯಿತು. ಕದ್ದವನು ಇವನೇ ಅಂತ ಯಜಮಾನನ ಅನುಮಾನ. ಮೊದಲು ಹೊಡೆದು ಕಕ್ಕಿಸಿ ಅಂದ. ಆಮೇಲೆ, ಆರ್ಡರನ್ನು ಕೊಲೆಗೆ ಬದಲಾಯಿಸಬಹುದಾ ಎಂದು ಕೇಳಿದ. ಬೆಲೆ 80,000 ಡಾಲರ್. ಸುಪಾರಿ ಹಿಡಿದವನು ವೇಷ ಮರೆಸಿಕೊಂಡಿದ್ದ ಅದೇ ಡಿಇಎ ಏಜೆಂಟ್ ಕಾರ್ಲ್ ಫೋರ್ಸ್. ಏಜೆಂಟರು ಸಾವಿನ ನಾಟಕ ಆಡಿಸಿ ಫೋಟೋ ಕಳಿಸಿದರು. ಕೊಲ್ಲಬೇಕಾಗಿ ಬಂದದ್ದಕ್ಕೆ ಸಿಟ್ಟು ಬಂದಿದೆ, ಆಗಿದ್ದು ಆಯಿತು, ಜನಕ್ಕೆ ಇನ್ನೂ ಸ್ವಲ್ಪ ಪ್ರಾಮಾಣಿಕತೆ ಇರಬೇಕಿತ್ತು ಎಂದು ಯಜಮಾನ ಬರೆದ. ಅಸಲಿಗೆ ಆ ಬಿಟ್‌ಕಾಯಿನ್ ಕದ್ದದ್ದು ನೌಕರನಲ್ಲ, ಬ್ರಿಡ್ಜಸ್. ಮಾಡದ ಕಳ್ಳತನಕ್ಕೆ ಒಬ್ಬ ಮನುಷ್ಯನ ತಲೆಗೆ ಬೆಲೆ ಕಟ್ಟಿ ದುಡ್ಡು ಸಂದಾಯವಾಗಿತ್ತು. ನೀವು ನ್ಯಾಯದ ಬಗ್ಗೆ ನಾಲ್ಕು ಪುಟ ಬರೆದಿದ್ದೀರಿ. ಈ ನೌಕರನಿಗೆ ಅದರಲ್ಲಿ ಒಂದು ಸಾಲೂ ಇಲ್ಲ.

ಮಾರ್ಚಿನಲ್ಲಿ ಇನ್ನೊಬ್ಬ ಬಂದ. ಗ್ರಾಹಕರ ಹೆಸರು ವಿಳಾಸ ಬಯಲು ಮಾಡುತ್ತೇನೆ, 5 ಲಕ್ಷ ಡಾಲರ್ ಕೊಡು ಅಂದ. ಯಜಮಾನ ಅವನ ವಿವರ ಹೊಂದಿಸಿ ಬೇರೊಬ್ಬ ಕೊಲೆಗಾರನಿಗೆ ಕೊಟ್ಟ. ಕೆನಡಾದವನು, ಹೆಂಡತಿ, ಮೂರು ಮಕ್ಕಳು ಇದ್ದಾರೆ ಅಂತಲೂ ಬರೆದ. ಕೊಲೆಗಾರ ಹೇಳಿದ ರೇಟು ಜಾಸ್ತಿಯಾಯಿತು, ಮೊನ್ನೆ ಮೊನ್ನೆ 80,000ಕ್ಕೆ ಮುಗಿಸಿದ್ದೇನೆ ಎಂದು ಚೌಕಾಸಿ ಮಾಡಿದ. ಕೊನೆಗೆ ಒಂದೂವರೆ ಲಕ್ಷಕ್ಕೆ ಕುದುರಿತು. ಆಮೇಲೆ ಇನ್ನೊಬ್ಬನ ಸರದಿ. ಅವನ ಜೊತೆ ಮನೆಯಲ್ಲಿ ಇನ್ನೂ ಮೂವರಿದ್ದಾರೆ ಅಂತ ಗೊತ್ತಾಯಿತು. ಮೊದಲು ಅವನೊಬ್ಬನೇ ಸಾಕು ಅಂದವನು, ಕೊನೆಗೆ ನಾಲ್ವರಿಗೂ ಒಪ್ಪಿ 5 ಲಕ್ಷ ಡಾಲರಿನಷ್ಟು ಬಿಟ್‌ಕಾಯಿನ್ ಕಳಿಸಿದ.

ನೀವು ಇಂಜಿನಿಯರಿಂಗ್ ಓದುತ್ತಿದ್ದೀರಿ. ದಿನಾ ಮಾಡಿದ ಕೆಲಸ ಬರೆದಿಡುವ ಅಭ್ಯಾಸ ಇರಬಹುದು. 2013ರ ಅಕ್ಟೋಬರ್ 1ರಂದು ಸ್ಯಾನ್ ಫ್ರಾನ್ಸಿಸ್ಕೋದ ಗ್ಲೆನ್ ಪಾರ್ಕ್ ಲೈಬ್ರರಿಯಲ್ಲಿ ಎಫ್‌ಬಿಐನವರು ಅವನನ್ನು ಹಿಡಿದರು. ಹಿಂದೆ ಇಬ್ಬರು ಜಗಳದ ನಾಟಕ ಆಡಿದರು, ಅವನು ತಿರುಗಿ ನೋಡುವಷ್ಟರಲ್ಲಿ ತೆರೆದಿದ್ದ ಲ್ಯಾಪ್‌ಟಾಪ್ ಕಿತ್ತುಕೊಂಡರು. ಅದರಲ್ಲಿ ಅಂಥದೇ ಒಂದು ದಿನವಹಿ ಸಿಕ್ಕಿತು. ಮಾರ್ಚ್ 29ಕ್ಕೆ, ಬ್ಲ್ಯಾಕ್‌ಮೇಲ್ ಮಾಡಿದವನ ಕೊಲೆಗೆ ಹೇಳಿದೆ ಎಂದಿದೆ. ಏಪ್ರಿಲ್ 1ಕ್ಕೆ, ಅವನನ್ನು ಮುಗಿಸಿದರು ಎಂದು ಸುದ್ದಿ ಬಂತು ಎಂದಿದೆ. ಅದರ ಪಕ್ಕದಲ್ಲೇ, ಫೈಲ್ ಅಪ್‌ಲೋಡ್ ಮಾಡುವ ಸ್ಕ್ರಿಪ್ಟ್ (ಅಂದರೆ ಚಿಕ್ಕ ಕಂಪ್ಯೂಟರ್ ಪ್ರೋಗ್ರಾಂ) ಬರೆದೆ ಎಂದಿದೆ.

ಒಬ್ಬ ಮನುಷ್ಯ ಸತ್ತ, ಒಂದು ಸ್ಕ್ರಿಪ್ಟ್ ಆಯಿತು. ಎರಡಕ್ಕೂ ಒಂದೇ ಗಾತ್ರದ ಸಾಲು. ನಲವತ್ತು ವರ್ಷದಿಂದ ಪ್ರೂಫ್ ತಿದ್ದುತ್ತಿದ್ದೇನೆ. ಆ ಪುಟದ ಮುಂದೆ ಕೂತಷ್ಟು ಹೊತ್ತು ಬೇರೆ ಯಾವ ಪುಟದ ಮುಂದೆಯೂ ಕೂತಿಲ್ಲ.

ಯಾರಾದರೂ ಸತ್ತರಾ ಅಂತ ಕೇಳಿದಿರಿ. ಕೆನಡಾದಲ್ಲಿ ಹೆಣ ಸಿಗಲಿಲ್ಲ. ದುಡ್ಡು ಹೊಡೆಯಲು ಹೂಡಿದ ಆಟ ಅದು ಅಂತಲೇ ಕಾಣುತ್ತದೆ. ಆದರೆ ಕಳಿಸಿದವನಿಗೆ ಅದು ಗೊತ್ತಿರಲಿಲ್ಲವಲ್ಲ! ಅಮೆರಿಕದ ಇನ್ನೊಂದು ಕತೆ ಕೇಳಿ. ಬೆಸಾ ಮಾಫಿಯಾ ಅಂತ ಒಂದು ಸುಪಾರಿ ಸೈಟ್ ಇತ್ತು. ಪೂರ್ತಿ ಮೋಸ. ದುಡ್ಡು ಇಸ್ಕೊಳ್ಳುವುದು, ಕೊಲ್ಲುವವರು ಯಾರೂ ಇಲ್ಲ. ಮಿನೆಸೋಟಾದ ಒಬ್ಬ ಗಂಡ 2016ರಲ್ಲಿ ಅಲ್ಲಿ ಹೆಂಡತಿಯ ಹೆಸರು ಕೊಟ್ಟು ಬಿಟ್‌ಕಾಯಿನ್ ಕಟ್ಟಿದ. ಕಂಪ್ಯೂಟರ್ ಕೆಲಸದವನು, ಚರ್ಚಿನಲ್ಲಿ ಹಿರಿಯ. ತಿಂಗಳುಗಳು ಕಳೆದವು, ಯಾರೂ ಬರಲಿಲ್ಲ. ಆ ನವೆಂಬರ್‌ನಲ್ಲಿ ಅವನೇ ಆಕೆಯನ್ನು ಕೊಂದ. ಸೈಟು ಸುಳ್ಳಾಗಿತ್ತು, ಮನಸ್ಸು ಸುಳ್ಳಾಗಿರಲಿಲ್ಲ.

ಸಿಲ್ಕ್ ರೋಡಿನ ಸರಕಿಗೆ ಜೀವ ಹೋಗಿದೆ ಎಂದು ಸರ್ಕಾರಿ ವಕೀಲರು ಆರು ಸಾವುಗಳನ್ನು ಕೋರ್ಟಿನ ಮುಂದಿಟ್ಟರು. ಶಿಕ್ಷೆಯ ದಿನ ಮಕ್ಕಳನ್ನು ಕಳೆದುಕೊಂಡವರು ಬಂದು ಮಾತಾಡಿದರು. ಆಸ್ಟ್ರೇಲಿಯಾದ ಪರ್ತ್‌ನ ಹುಡುಗನಿಗೆ ಹದಿನಾರು. ಶಾಲೆಯ ಪಾರ್ಟಿ ಮುಗಿದ ರಾತ್ರಿ, ಅಲ್ಲಿಂದ ತರಿಸಿದ ಡ್ರಗ್ಸ್ ತಿಂದು ಬಾಲ್ಕನಿಯಿಂದ ಹಾರಿದ. ಅವನಿಗೂ ನಡುವಯಸ್ಸು ಇತ್ತು, ಮುಪ್ಪು ಇತ್ತು. ಅದಕ್ಕಾಗಿ ಪತ್ರ ಬರೆಯುವ ಅವಕಾಶ ಸಿಗಲಿಲ್ಲ.

ಈ 'ಬರೀ ವೇದಿಕೆ' ಎಂಬ ಮಾತು ಕಳ್ಳಸಂತೆಯಲ್ಲಿ ಮಾತ್ರ ಇದ್ದಿದ್ದರೆ ನಾನು ಇಷ್ಟು ಬರೆಯುತ್ತಿರಲಿಲ್ಲ. ಈಗ ಎಲ್ಲರ ಬಾಯಲ್ಲೂ ಅದೇ. 2022ರ ಡಿಸೆಂಬರ್‌ನಲ್ಲಿ ದೆಹಲಿಯ ದ್ವಾರಕಾದಲ್ಲಿ ಶಾಲೆಗೆ ಹೊರಟಿದ್ದ ಹುಡುಗಿಯ ಮುಖಕ್ಕೆ ಆಸಿಡ್ ಎರಚಿದರು. ಆಸಿಡ್ ಆನ್‌ಲೈನಿನಲ್ಲಿ ತರಿಸಿದ್ದು ಎಂದರು ಪೊಲೀಸರು. ನಮ್ಮ ಐಟಿ ಕಾಯ್ದೆಯ 79ನೇ ಸೆಕ್ಷನ್ ಇಂಥ ಮಧ್ಯವರ್ತಿಗಳಿಗೆ ಕೊಡೆ ಹಿಡಿಯುತ್ತದೆ. ಬೇರೆಯವರು ಹಾಕಿದ್ದಕ್ಕೆ ಇವರು ಹೊಣೆಯಲ್ಲ, ಕೆಲವು ಷರತ್ತು ಪಾಲಿಸಿದರೆ ಸಾಕು. ಯಾರೋ ಬರೆದ ಮಾತಿಗೆ ಈ ಕೊಡೆ ಬೇಕು, ಇಲ್ಲದಿದ್ದರೆ ಯಾರೂ ಬಾಯಿ ಬಿಡಲಾಗುವುದಿಲ್ಲ. ಆದರೆ ಬಾಟಲಿಯಲ್ಲಿ ಬರುವ ಆಸಿಡ್‌ಗೆ? ಪ್ರತಿ ಮಾರಾಟದಲ್ಲೂ ಪಾಲು ತೆಗೆದುಕೊಂಡವನಿಗೆ? ಸಾಲದ ಆ್ಯಪ್‌ನವರು ಹೆಣ್ಣುಮಕ್ಕಳ ಫೋಟೋ ತಿರುಚಿ ನೆಂಟರಿಗೆಲ್ಲ ಕಳಿಸಿದಾಗಲೂ ಇದೇ ಉತ್ತರ ಅಲ್ವಾ? ನಾವಲ್ಲ, ವಸೂಲಿಗೆ ಬೇರೆ ಏಜೆನ್ಸಿ ಇದೆ.

ನಾನೂ ಈ ಮಾತು ಆಡಿದವನೇ. ಬಹಳ ಹಿಂದೆ ನಮ್ಮ ಪತ್ರಿಕೆಯಲ್ಲಿ, ಮನೆಯಲ್ಲೇ ಕೂತು ಸಂಪಾದಿಸಿ ಎಂಬ ಜಾಹೀರಾತು ಬಂತು. ಒಂದು ದಿನ ತುಮಕೂರಿನ ಕಡೆಯಿಂದ ಒಬ್ಬ ತಾಯಿ ಕಚೇರಿಗೆ ಬಂದರು. ಮನಿಯಾರ್ಡರ್ ಮಾಡಿ 1,200 ರೂಪಾಯಿ ಕಳಕೊಂಡಿದ್ದರು. ಜಾಹೀರಾತನ್ನು ಕತ್ತರಿಸಿ ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ, ಜೊತೆಗೆ ರಸೀದಿ ಮಡಿಚಿ ಇಟ್ಟಿದ್ದರು. ನಾನು ಆ ಕಾಗದದ ತುದಿಯಲ್ಲಿದ್ದ ಸಣ್ಣ ಅಕ್ಷರ ತೋರಿಸಿದೆ. ಜಾಹೀರಾತಿನ ವಿಷಯಕ್ಕೆ ಪತ್ರಿಕೆ ಜವಾಬ್ದಾರಿಯಲ್ಲ. ಅವರು ಅದನ್ನು ನಿಧಾನಕ್ಕೆ ಓದಿದರು. "ನಿಮ್ಮ ಪೇಪರಲ್ಲಿ ಇತ್ತಲ್ಲ ಸಾರ್, ಅದಕ್ಕೇ ನಂಬಿದೆ" ಅಂದರು. ಬೇರೇನೂ ಹೇಳಲಿಲ್ಲ. ಅವರು ಮೆಟ್ಟಿಲಿಳಿದ ಮೇಲೆ ಮಾವನ ಚರ್ಮದ ಚೀಲ ನೆನಪಾಯಿತು. ಬಸ್ ಸ್ಟ್ಯಾಂಡಿಗೆ ಹುಡುಗನನ್ನು ಓಡಿಸಿದೆ. ಅವರು ಸಿಗಲಿಲ್ಲ. ಅಂದಿನಿಂದ ಅಂಥ ಜಾಹೀರಾತು ಹಾಕಿಲ್ಲ. ಆ ಸಣ್ಣ ಅಕ್ಷರದ ಸಾಲನ್ನೂ ತೆಗೆಸಿದ್ದೇನೆ.

2025ರ ಜನವರಿ 21ರಂದು ಟ್ರಂಪ್ ಕೊಟ್ಟದ್ದು ಪೂರ್ಣ ಕ್ಷಮೆ. ಶಿಕ್ಷೆ ಇಳಿಸಿ, ಇಷ್ಟು ವರ್ಷ ಸಾಕು ಅಂದಿದ್ದರೆ ನಾನು ಸುಮ್ಮನಿರುತ್ತಿದ್ದೆ. ಹನ್ನೊಂದು ವರ್ಷ ಕಡಿಮೆಯೇನಲ್ಲ. ಅವರು ಇಳಿಸಿದ್ದಲ್ಲ, ಅಪರಾಧವನ್ನೇ ಮನ್ನಿಸಿದ್ದು.

ಕೊನೆಗೆ ನನ್ನ ಮಗನ ಪ್ರಶ್ನೆ. ನನಗೆ ಒಬ್ಬ ಮಗ ಇದ್ದಾನೆ, ಅವನೂ ಸಾಫ್ಟ್‌ವೇರ್. ಉಲ್‌ಬ್ರಿಕ್ಟ್‌ನ ತಾಯಿ ಅಷ್ಟೂ ವರ್ಷ ಮಗನ ಬಿಡುಗಡೆಗಾಗಿ ಹೋರಾಡಿದರು. ಆ ತಾಯಿಯ ಮೇಲೆ ನನಗೆ ಗೌರವವೇ ಇದೆ. ಅವನ ಜಾಗದಲ್ಲಿ ನನ್ನ ಮಗ ಇದ್ದಿದ್ದರೆ ನಾನೂ ಮನೆ ಮಾರಿ ವಕೀಲರನ್ನು ಹಿಡಿಯುತ್ತಿದ್ದೆ, ಜೈಲಿನ ಬಾಗಿಲಲ್ಲಿ ಕಾಯುತ್ತಿದ್ದೆ. ಒಳಗೆ ಹೋಗಿ ಎದುರು ಕೂತ ಮೇಲೆ ಒಂದು ಮಾತು ಕೇಳುತ್ತಿದ್ದೆ: ಏಪ್ರಿಲ್ 1ರಂದು ಆ ಸ್ಕ್ರಿಪ್ಟ್ ಬರೆಯುವಾಗ ಆ ಮೂರು ಮಕ್ಕಳು ನೆನಪಿಗೆ ಬಂದರೇನಪ್ಪಾ?

– ಸಂಪಾದಕ